ಒಳಗಿದ್ದವನ ಅರವತ್ತು ದಿನ

ತೀರ್ಪಿನ ದಿನ ಸೆಷನ್ಸ್ ಕೋರ್ಟಿನ ಹಾಲ್ ಬೆಳಿಗ್ಗೆಯೇ ತುಂಬುತ್ತದೆ. ಎರಡೂ ಕಡೆಯ ಊರವರು ಎರಡು ಗೋಡೆಗೆ ಹಂಚಿಕೊಂಡು ನಿಂತಿರುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಪರಾಧ ಸಾಬೀತಾಗಿದೆ ಎಂದು ಹನ್ನೊಂದೂವರೆಗೆ ಹೇಳಿ, ಶಿಕ್ಷೆ ಎಷ್ಟೆಂಬುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದಾರೆ. ಹೆಂಡತಿ ತಂದ ಬುತ್ತಿಯನ್ನು ಬೆಂಗಾವಲಿನ ಪೇದೆ ಬಿಚ್ಚಿ ನೋಡಿ ಕೊಡುತ್ತಾನೆ. ಶಿಕ್ಷೆಗೆ ಕಾದಿರುವವನು ಎರಡು ತುತ್ತು ತಿಂದು ಮುಚ್ಚಿಡುತ್ತಾನೆ. ಮೂರು ಗಂಟೆಗೆ ನ್ಯಾಯಾಧೀಶರು ಕಲಮುಗಳನ್ನು ಓದುತ್ತಾರೆ, ದಂಡದ ಮೊತ್ತ ಓದುತ್ತಾರೆ, ದಂಡ ಕಟ್ಟದಿದ್ದರೆ ಇನ್ನೆಷ್ಟು ತಿಂಗಳು ಎಂಬುದನ್ನೂ ಓದುತ್ತಾರೆ. ಕಟಕಟೆಯಲ್ಲಿ ನಿಂತವನ ಕಿವಿಗೆ ಬೀಳುವುದು ವರ್ಷಗಳ ಸಂಖ್ಯೆಯೊಂದೇ. ಆಮೇಲೆ ನ್ಯಾಯಾಧೀಶರು ತಲೆಯೆತ್ತಿ, ಮೇಲ್ಮನವಿ ಸಲ್ಲಿಸುವ ಹಕ್ಕು ನಿನಗಿದೆ ಎಂದು ತಿಳಿಸುತ್ತಾರೆ. ಅವನು ತಲೆಯಾಡಿಸುತ್ತಾನೆ. ಆ ಹೊತ್ತಿನಲ್ಲಿ ಏನು ಹೇಳಿದ್ದರೂ ಆಡಿಸುತ್ತಿದ್ದ.

ತೀರ್ಪಿನ ಒಂದು ನಕಲನ್ನು ಕೂಡಲೇ, ದುಡ್ಡು ತೆಗೆದುಕೊಳ್ಳದೆ, ಅವನ ಕೈಗೆ ಕೊಡಬೇಕೆಂದು ಕಾನೂನಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 363ನೇ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 404ನೆಯದು. ಕೋರ್ಟಿನ ಗುಮಾಸ್ತರು ಕಟ್ಟನ್ನು ಮುಂದೆ ಮಾಡುತ್ತಾರೆ, ಇವನು ಸಹಿ ಹಾಕಿಯೋ ಹೆಬ್ಬೆಟ್ಟು ಒತ್ತಿಯೋ ಪಡೆಯುತ್ತಾನೆ. ಮೆಟ್ಟಿಲಿಳಿಯುವ ಮೊದಲೇ ಅದು ವಕೀಲರ ಬ್ಯಾಗು ಸೇರಿರುತ್ತದೆ.

"ಹೈಕೋರ್ಟಿಗೆ ಹಾಕೋಣು, ನೀ ಚಿಂತಿ ಮಾಡಬ್ಯಾಡ. ಮನಿಯವರನ್ನ ಒಂದ್ಸಲ ಆಫೀಸಿಗೆ ಕಳಸು."

ಈ ಮಾತಿನಲ್ಲಿ ಮೋಸವಿಲ್ಲ. ಜಿಲ್ಲಾ ಕೋರ್ಟಿನ ವಕೀಲರು ಹೈಕೋರ್ಟಿನಲ್ಲಿ ಕೆಲಸ ಮಾಡುವ ಇನ್ನೊಬ್ಬರಿಗೆ ಕಡತ ಒಪ್ಪಿಸಬೇಕು. ಅವರಿಗೆ ಫೀ ಕೊಡಬೇಕು. ಮನೆಯವರು ಹೊಲವನ್ನು ವಿಚಾರಣೆಯ ಖರ್ಚಿಗೇ ಒತ್ತೆಯಿಟ್ಟಾಗಿದೆ. ಮುಂದಿನ ವಾರ ಬರುತ್ತೇವೆ ಎನ್ನುತ್ತಾರೆ. ಆ ವಾರ ಬಿತ್ತನೆ, ಅದರಾಚೆಯ ವಾರ ಮನೆಯಲ್ಲಿ ಕಾಯಿಲೆ. ವಕೀಲರ ಆಫೀಸಿನ ಕಪಾಟಿನಲ್ಲಿ ಕೆಂಪು ದಾರ ಕಟ್ಟಿದ ಕಟ್ಟು ಕೆಳಗಿನ ಅರೆಗೆ ಇಳಿಯುತ್ತದೆ, ಅದರ ಮೇಲೆ ಬೇರೆ ಕಟ್ಟು ಬೀಳುತ್ತದೆ. ಇತ್ತ ಜೈಲಿನಲ್ಲಿ ಮುಲಾಖಾತಿಗೆ ಬಂದ ಹೆಂಡತಿ, ಜಾಲರಿಯಾಚೆಯಿಂದ, ಅಕ್ಕಪಕ್ಕದ ಹತ್ತು ಜನರ ಕೂಗಾಟದ ನಡುವೆ, "ವಕೀಲರು ಹಾಕ್ತೀವಿ ಅಂದಾರ" ಎನ್ನುತ್ತಾಳೆ. ಅವನಿಗೆ ಅದು "ಹಾಕ್ಯಾರ" ಎಂದು ಕೇಳಿಸುತ್ತದೆ. ವರ್ಷಗಟ್ಟಲೆ ಅವನು ಆ ಒಂದು ಮಾತಿನ ಮೇಲೆ ನಿದ್ದೆ ಮಾಡುತ್ತಾನೆ.

ಲೆಕ್ಕ ಮಾತ್ರ ಯಾರಿಗೂ ಕಾಯದೆ ಓಡುತ್ತಿರುತ್ತದೆ. ಸೆಷನ್ಸ್ ಕೋರ್ಟಿನ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನ, ಮ್ಯಾಜಿಸ್ಟ್ರೇಟರ ಶಿಕ್ಷೆಯ ವಿರುದ್ಧ ಸೆಷನ್ಸಿಗೆ ಹೋಗಲು 30 ದಿನ ಎಂದು 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ. ತೀರ್ಪಿನ ದಿನವನ್ನು ಅದು ಎಣಿಸುವುದಿಲ್ಲ. ನಕಲು ಪಡೆಯಲು ಬೇಕಾದ ದಿನಗಳನ್ನೂ ಕಳೆದುಬಿಡುತ್ತದೆ. ಹಾಗೆ ನೋಡಿದರೆ ಇದು ಉದಾರವಾದ ಲೆಕ್ಕವೇ. ಗಲ್ಲು ಶಿಕ್ಷೆಯಾದವನ ತೀರ್ಪಂತೂ ದೃಢೀಕರಣಕ್ಕಾಗಿ ತಾನೇ ಹೈಕೋರ್ಟಿಗೆ ಹೋಗುತ್ತದೆ. ಯಾರೂ ಕೇಳಬೇಕಿಲ್ಲ, ಹಿಂಡಲಗಾ ಜೈಲಿನ ಕೋಣೆಯಲ್ಲಿ ಕೂತವನು ಬಾಯಿ ಬಿಡದಿದ್ದರೂ ಅವನ ಕಡತ ಧಾರವಾಡಕ್ಕೋ ಬೆಂಗಳೂರಿಗೋ ಪಯಣಿಸುತ್ತದೆ. ಜೀವಾವಧಿಯವನು ಕೇಳಬೇಕು. ಹತ್ತು ವರ್ಷದವನು, ಏಳು ವರ್ಷದವನು ಕೇಳಬೇಕು. ಕೇಳುವುದಕ್ಕೆ ಕಾಗದ ಬೇಕು, ಕಾಗದ ಅವನ ಹತ್ತಿರ ಇಲ್ಲ.

ಹೊರಗಿದ್ದವನ ದಿನವೂ ಒಳಗಿದ್ದವನ ದಿನವೂ ಕಾಯ್ದೆಗೆ ಒಂದೇ. ಜೈಲಿನ ದಿನವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಶಿಕ್ಷೆಯಾಗಿ ಬಂದ ಸಂಜೆ ಗೇಟಿನಲ್ಲಿ ಝಡತಿ, ವಾರಂಟು ಒಪ್ಪಿಸುವುದು, ವಿಚಾರಣಾಧೀನ ಕೈದಿಯ ಯು.ಟಿ.ಪಿ. ನಂಬರು ಹೋಗಿ ಸಜಾ ಕೈದಿಯ ನಂಬರು ಬರುವುದು. ಬಣ್ಣದ ಬಟ್ಟೆ ಹೋಗಿ ಬಿಳಿ ಬಟ್ಟೆ ಬರುತ್ತದೆ. ಬ್ಯಾರಕ್ ಬದಲು. ವಿಚಾರಣೆಯ ವರ್ಷಗಳಲ್ಲಿ ಪರಿಚಯವಾದವರೆಲ್ಲ ಆ ಕಡೆ ಉಳಿದರು, ಈ ಕಡೆ ಹೊಸ ಮುಖಗಳು. ಮೊದಲ ಹದಿನೈದು ದಿನ ಅವನು ಯಾರೊಂದಿಗೂ ಮಾತಾಡುವುದಿಲ್ಲ ಎಂದು ಹಳಬರು ಹೇಳುತ್ತಾರೆ. ಊಟಕ್ಕೆ ಸಾಲಿನಲ್ಲಿ ನಿಂತು ಸಾಲು ಕರಗಿದ ಮೇಲೂ ನಿಂತೇ ಇರುತ್ತಾನಂತೆ. ಬೆಳಿಗ್ಗೆ ಎಣಿಕೆ, ಸಂಜೆ ಎಣಿಕೆ, ನಡುವೆ ನೇಯ್ಗೆಯೋ ಬಡಗಿತನವೋ ಅಡುಗೆಮನೆಯೋ. ಅಧೀಕ್ಷಕರ ಮುಂದೆ ನಿಂತು ಮಾತಾಡಲು ಸರದಿ ಬರಬೇಕು, ಅರ್ಜಿ ಬರೆದುಕೊಡುವವನು ಸಿಗಬೇಕು. ಹೊರಗಿನವನು ಒಂದು ಬೆಳಿಗ್ಗೆ ಬಸ್ಸು ಹತ್ತಿ ಮಾಡಿ ಮುಗಿಸುವ ಕೆಲಸಕ್ಕೆ ಇವನಿಗೆ ಐದಾರು ಜನರ ಕೈ ಬೇಕು. ಆ ಐದಾರು ಜನರಲ್ಲಿ ಯಾರಿಗೂ ಅರವತ್ತು ದಿನದ ಗಡುವಿಲ್ಲ.

ಈ ಕಾಗದದ ದಾರಿಯನ್ನು ಸುಪ್ರೀಂ ಕೋರ್ಟ್ ಕಣ್ಣಿಟ್ಟು ನೋಡಿದ್ದು 1978ರಲ್ಲಿ. ಆ ಕಥೆಗೆ ಧಾರವಾಡದ ನಂಟಿದೆ. ಹೊಸ್ಕೋಟ್ ಎಂಬ ಅಡ್ಡಹೆಸರಿನ, ಡಾಕ್ಟರೇಟ್ ಪಡೆದ, ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಒಬ್ಬರು ಮುಂಬಯಿಯ ಬ್ಲಾಕ್ ತಯಾರಕನ ಬಳಿ ಹೋಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಬ್ಬು ಮೊಹರು ಮಾಡಿಕೊಡಲು ಹೇಳಿದರು. ಜೊತೆಗೆ ವಿಶ್ವವಿದ್ಯಾಲಯವೇ ಒಪ್ಪಿಗೆ ಕೊಟ್ಟಂತೆ ಒಂದು ಖೊಟ್ಟಿ ಪತ್ರ. ಸುಳ್ಳು ಪದವಿ ಪ್ರಮಾಣಪತ್ರಗಳ ಯತ್ನವೆಂದು ಕೇಸಾಯಿತು. ಸೆಷನ್ಸ್ ಕೋರ್ಟು, ಓದಿದವರು ಎಂದೋ ಏನೋ, ಕೋರ್ಟು ಏಳುವವರೆಗಿನ ಸಾದಾ ಸಜೆ ಮತ್ತು ದಂಡ ಕೊಟ್ಟು ಬಿಟ್ಟಿತು. ಅವರೂ ಮೇಲ್ಮನವಿ ಹಾಕಿದರು, ಸರ್ಕಾರವೂ ಹಾಕಿತು. 1973ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟು ಅವರದ್ದನ್ನು ತಳ್ಳಿಹಾಕಿ, ಸರ್ಕಾರದ್ದನ್ನು ಒಪ್ಪಿ, ಸಂಜೆಯೊಳಗೆ ಮುಗಿದಿದ್ದ ಶಿಕ್ಷೆಯನ್ನು ಮೂರು ವರ್ಷಕ್ಕೆ ಏರಿಸಿತು. ಅವರು ಪುಣೆಯ ಯರವಡಾ ಸೆಂಟ್ರಲ್ ಜೈಲಿಗೆ ಹೋದರು. ಗಾಂಧೀಜಿ ಮಂದಿರವೆಂದು ಕರೆದಿದ್ದ ಅದೇ ಜೈಲು.

ಹೈಕೋರ್ಟು ತಪ್ಪು ಮಾಡಲಿಲ್ಲ. ಕೈದಿಗೆಂದು ಉಚಿತ ನಕಲನ್ನು ತಡಮಾಡದೆ ಜೈಲಿನ ಸೂಪರಿಂಟೆಂಡೆಂಟರಿಗೆ ಕಳಿಸಿತು. ಆಮೇಲೆ? ನಕಲನ್ನು ಗುಮಾಸ್ತನ ಮೂಲಕ ಕೈದಿಗೆ ತಲುಪಿಸಿದೆವು, ಆದರೆ ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ ಹಾಕುವಾಗ ಅದಕ್ಕೆ ಲಗತ್ತಿಸಲೆಂದು ವಾಪಸು ಪಡೆದೆವು ಎಂದು ಜೈಲಿನವರು ಹೇಳಿದರು. ನನಗೆ ಕೊಡಲೇ ಇಲ್ಲ ಎಂದು ಕೈದಿ ಹೇಳಿದರು. ಕೊಟ್ಟಿದ್ದಕ್ಕೆ ಒಂದು ಸಹಿ ಇರಬೇಕಲ್ಲ? ಇರಲಿಲ್ಲ. 1978ರಲ್ಲಿ ಅವರು ಹೈಕೋರ್ಟಿನಿಂದ ಇನ್ನೊಂದು ನಕಲು ಪಡೆದು ಸುಪ್ರೀಂ ಕೋರ್ಟಿಗೆ ಬಂದಾಗ ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿತ್ತು. ಮೂರು ವರ್ಷದ ಶಿಕ್ಷೆ ಅಷ್ಟರಲ್ಲಿ ಮುಗಿದೇ ಹೋಗಿತ್ತು.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಆ ಲಗತ್ತಿನ ಕಥೆ. ಅದು ನಿಜವೋ ಸುಳ್ಳೋ ಇಂದಿಗೂ ಹೇಳಲು ಬಾರದು. ನಿಜವೇ ಆಗಿದ್ದರೆ, ದಯೆ ಬೇಡುವ ಅರ್ಜಿಗೆ ಹಚ್ಚಲೆಂದು ಹಕ್ಕು ಕೇಳುವ ಕಾಗದವನ್ನು ಕೊಟ್ಟುಬಿಟ್ಟಂತಾಯಿತು. ಜೈಲಿನೊಳಗೆ ಇಂದಿಗೂ ರಾಜ್ಯಪಾಲರ ಹೆಸರಿಗೆ ಇರುವ ತೂಕ ಹೈಕೋರ್ಟಿನ ಹೆಸರಿಗಿಲ್ಲ. ಆಗಸ್ಟ್ 15 ಹತ್ತಿರವಾದಾಗ ಸನ್ನಡತೆಯ ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದು ಬ್ಯಾರಕ್ಕಿನಿಂದ ಬ್ಯಾರಕ್ಕಿಗೆ ಹಾರುತ್ತದೆ. ಯಾರ ಅಪೀಲಿನ ಗಡುವು ಎಂದು ಮುಗಿಯುತ್ತದೆ ಎಂಬ ಸುದ್ದಿ ಹಾರಿದ್ದನ್ನು ಯಾರೂ ಕೇಳಿಲ್ಲ.

ಆ ಅರ್ಜಿ ಬಂದದ್ದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಮುಂದೆ. 1957ರ ಕೇರಳದ ಮಂತ್ರಿಮಂಡಲದಲ್ಲಿ ಕಾನೂನು ಮತ್ತು ಜೈಲು ಖಾತೆ ನೋಡಿಕೊಂಡಿದ್ದವರು. ಅದಕ್ಕೂ ಮೊದಲು, 1948ರಲ್ಲಿ, ತಾವೇ ಕೆಲವು ವಾರ ಜೈಲಿನಲ್ಲಿದ್ದವರು. ಆ ಪ್ರಾಧ್ಯಾಪಕರ ಮೇಲೆ ಅವರಿಗೆ ಕನಿಕರವೇನೂ ಇರಲಿಲ್ಲ. ಓದಿದವರು ಮಾಡುವ ವಂಚನೆಗೆ ಸೆಷನ್ಸ್ ಕೋರ್ಟು ಮೆತ್ತಗಾದದ್ದನ್ನು ಅವರು ಖಾರವಾಗಿಯೇ ಟೀಕಿಸಿದರು, ಅರ್ಜಿಯನ್ನು ವಜಾ ಮಾಡಿದರು. ಆದರೆ ಆ ಕಾಣೆಯಾದ ನಕಲನ್ನು ಮಾತ್ರ ಬಿಡಲಿಲ್ಲ. ಮೇಲ್ಮನವಿಯ ಹಕ್ಕು ಎಂಬುದಕ್ಕೆ ನಕಲು ಕೈಗೆ ಸಿಗುವುದೂ ವಕೀಲ ಸಿಗುವುದೂ ಸೇರಿದೆ ಎಂದರು. ಶಿಕ್ಷೆ ಕೊಟ್ಟ ಕೋರ್ಟು ಉಚಿತ ನಕಲು ಕೊಡಬೇಕು, ಜೈಲಿಗೆ ಕಳಿಸಿದ್ದರೆ ಅಧಿಕಾರಿ ಅದನ್ನು ಕೈದಿಗೆ ತಲುಪಿಸಿ ಬರಹದಲ್ಲಿ ಸ್ವೀಕೃತಿ ಪಡೆಯಬೇಕು, ಮೇಲ್ಮನವಿ ಹಾಕುವವನಿಗೆ ಜೈಲು ಎಲ್ಲ ಅನುಕೂಲ ಮಾಡಿಕೊಡಬೇಕು, ವಕೀಲರನ್ನು ಇಟ್ಟುಕೊಳ್ಳಲಾರದವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ಅರ್ಜಿದಾರ ಸೋತ ಕೇಸಿನಲ್ಲಿ ಕೈದಿಗಳು ಗೆದ್ದರು. ಇಂದು ಉಚಿತ ಕಾನೂನು ನೆರವಿನ ಯಾವ ಭಾಷಣವೂ ಹೊಸ್ಕೋಟ್ ಪ್ರಕರಣದ ಹೆಸರಿಲ್ಲದೆ ಮುಗಿಯುವುದಿಲ್ಲ. ಆ ಮೊಹರು ಯಾವ ವಿಶ್ವವಿದ್ಯಾಲಯದ್ದು ಎಂಬುದನ್ನು ಮಾತ್ರ ಭಾಷಣಕಾರರು ಹೇಳುವುದಿಲ್ಲ.

ಕಟ್ಟು ಕೈಯಲ್ಲಿದೆ, ಬರೆಯುವವನೂ ಸಿಕ್ಕಿದ್ದಾನೆ ಎಂದಿಟ್ಟುಕೊಳ್ಳೋಣ. ಕೈದಿ ತನ್ನ ಮೇಲ್ಮನವಿಯನ್ನು ಜೈಲಿನ ಅಧಿಕಾರಿಗೇ ಕೊಡಬಹುದು, ಅವರು ಅದನ್ನು ಮೇಲಿನ ಕೋರ್ಟಿಗೆ ಕಳಿಸಬೇಕು. ಹಿಂದೆ 383, ಈಗ 424ನೇ ಕಲಮು. ಕೋರ್ಟಿನವರ ಬಾಯಲ್ಲಿ ಇದು ಜೈಲ್ ಅಪೀಲು. ಒಂದೆರಡು ಹಾಳೆಯ ಕಾಗದ: ನಾನು ಬಡವ, ನಿರಪರಾಧಿ, ಸಾಕ್ಷಿಗಳು ದ್ವೇಷದಿಂದ ಹೇಳಿದ್ದಾರೆ. ಕೆಳಗೆ ಹೆಬ್ಬೆಟ್ಟು, ಅದರ ಪಕ್ಕ ಜೈಲಿನ ದುಂಡು ಮೊಹರು, ಅಧೀಕ್ಷಕರ ಮುಂದೆ ಒತ್ತಿದ್ದು ಎಂಬ ಒಕ್ಕಣೆ. ಮೇಲೆ ಕವರಿಂಗ್ ಲೆಟರು, ಜಾವಕ ವಹಿಯಲ್ಲಿ ನಂಬರು. ಹೈಕೋರ್ಟಿನ ಪೀಠಗಳು 2008ರಲ್ಲಿ ಧಾರವಾಡ ಮತ್ತು ಕಲಬುರಗಿಗೆ ಬರುವವರೆಗೆ ಬೀದರಿನ ಕಾಗದವೂ ಬೆಂಗಳೂರಿಗೇ ಹೋಗಬೇಕಿತ್ತು, ಏಳುನೂರು ಕಿಲೋಮೀಟರಿನಷ್ಟು ದೂರ. ಈಗ ಆ ದಾರಿ ಸಣ್ಣದಾಗಿದೆ. ಜೈಲಿನ ಆಫೀಸಿನಲ್ಲಿ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗುವ ದಾರಿ ಅಷ್ಟೇ ಉದ್ದ ಉಳಿದಿದೆ.

ಜೈಲಿನ ಆಫೀಸಿಗೂ ಕೋರ್ಟಿನ ಕೌಂಟರಿಗೂ ನಡುವೆ ಕಳೆದ ದಿನಗಳು ಯಾರ ಖಾತೆಗೆ? ಈ ಪ್ರಶ್ನೆ ಅಮೆರಿಕದಲ್ಲಿ ಒಂದೇ ಒಂದು ದಿನದ ಮೇಲೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಟೆನೆಸಿಯ ಜೈಲಿನಲ್ಲಿದ್ದ ಹ್ಯೂಸ್ಟನ್ ಎಂಬ ಕೈದಿಯ ಅರ್ಜಿ 1986ರ ಜನವರಿ 7ರಂದು ಫೆಡರಲ್ ಕೋರ್ಟಿನಲ್ಲಿ ವಜಾ ಆಯಿತು. ಮೇಲ್ಮನವಿಯ ನೋಟಿಸ್ ಕೊಡಲು 30 ದಿನ. ವಕೀಲರಿಲ್ಲದ ಆತ ತಾನೇ ಬರೆದು 27ನೇ ದಿನ, ಫೆಬ್ರವರಿ 3ರಂದು, ಜೈಲಿನವರ ಕೈಗೆ ಕೊಟ್ಟ. ಜೈಲಿನ ಟಪಾಲು ವಹಿಯಲ್ಲಿ ದಿನಾಂಕ ಬಿತ್ತು. ಕೋರ್ಟಿನ ಗುಮಾಸ್ತರು ಸಲ್ಲಿಕೆಯಾಗಿದೆಯೆಂದು ಮೊಹರು ಒತ್ತಿದ್ದು ಫೆಬ್ರವರಿ 7ರಂದು. ಮೂವತ್ತೊಂದನೇ ದಿನ. ಮೇಲ್ಮನವಿ ವಜಾ.

1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಇದನ್ನು ತಿರುಗಿಸಿತು. ನ್ಯಾಯಮೂರ್ತಿ ಬ್ರೆನ್ನನ್ ಅವರ ತರ್ಕ ಸರಳ: ಹೊರಗಿನವನು ತಾನೇ ಕೋರ್ಟಿಗೆ ಹೋಗಿ ಮೊಹರು ಬೀಳುವುದನ್ನು ಕಣ್ಣಾರೆ ನೋಡಬಲ್ಲ, ಟಪಾಲು ತಡವಾದರೆ ಫೋನು ಮಾಡಬಲ್ಲ, ಕೊನೇ ಗಳಿಗೆಯಲ್ಲಿ ಓಡಬಲ್ಲ. ಕೈದಿಗೆ ಇದೊಂದೂ ಸಾಧ್ಯವಿಲ್ಲ. ಅವನ ಕಾಗದವನ್ನು ಅವನು ಕೊಡಬೇಕಾದದ್ದು ಯಾರ ವಿರುದ್ಧ ಅವನ ತಕರಾರಿದೆಯೋ ಅವರ ಕೈಗೇ. ಆದ್ದರಿಂದ ಜೈಲಿನವರ ಕೈಗೆ ಕೊಟ್ಟ ಕ್ಷಣವೇ ಸಲ್ಲಿಕೆಯ ಕ್ಷಣ. 1993ರಲ್ಲಿ ಇದು ಅಲ್ಲಿನ ಮೇಲ್ಮನವಿ ನಿಯಮಗಳಲ್ಲೇ ಸೇರಿತು.

ಆದರೆ ಅಮೆರಿಕದ ಉದಾರತೆ ಅಲ್ಲಿಗೇ ನಿಂತಿತು ಎನ್ನಬೇಕು. ವರ್ಜೀನಿಯಾದ ಕೋಲ್ಮನ್ ಎಂಬ ಮರಣದಂಡನೆಯ ಕೈದಿಯ ವಕೀಲರು 30 ದಿನದೊಳಗೆ ಕೊಡಬೇಕಿದ್ದ ನೋಟಿಸನ್ನು 33ನೇ ದಿನಕ್ಕೆ ಕೊಟ್ಟರು. ವಕೀಲರ ತಪ್ಪು ಕಕ್ಷಿದಾರನ ತಪ್ಪೇ ಎಂದಿತು 1991ರಲ್ಲಿ ಸುಪ್ರೀಂ ಕೋರ್ಟು. ಆ ಅಪೀಲಿನಲ್ಲಿದ್ದ ವಾದಗಳಿಗೆ ಫೆಡರಲ್ ಕೋರ್ಟಿನ ಬಾಗಿಲು ಮುಚ್ಚಿತು. ಮರುವರ್ಷ ಮೇ ತಿಂಗಳಲ್ಲಿ ಅವನನ್ನು ಕೊಂದರು. 2006ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ ನೋಡಿದಾಗ ಅಪರಾಧ ಅವನದ್ದೇ ಎಂದು ಗೊತ್ತಾಯಿತು. ಗಡುವಿನ ಪರವಾಗಿರುವವರು ಇದನ್ನು ಆಗಾಗ ನೆನಪಿಸುತ್ತಾರೆ. ನೆನಪಿಸಲಿ. 1991ರಲ್ಲಿ ಬಾಗಿಲು ಹಾಕಿದವರಿಗೆ ಒಳಗೆ ಏನಿದೆಯೆಂದು ಗೊತ್ತಿರಲಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಓಹಾಯೊದ ಬೌಲ್ಸ್ ಎಂಬವನದು. ತಪ್ಪಿಹೋದ ಗಡುವನ್ನು ಮತ್ತೆ ತೆರೆದು ಕೊಟ್ಟ ನ್ಯಾಯಾಧೀಶರು, ನಿಯಮದಲ್ಲಿ 14 ದಿನ ಎಂದಿದ್ದರೂ, ಆದೇಶದಲ್ಲಿ 17 ದಿನದ ಲೆಕ್ಕಕ್ಕೆ 2004ರ ಫೆಬ್ರವರಿ 27 ಎಂದು ಬರೆದರು. ಅವನ ನೋಟಿಸ್ 26ರಂದು ಸಲ್ಲಿಕೆಯಾಯಿತು. ನ್ಯಾಯಾಧೀಶರು ಹೇಳಿದ ದಿನಕ್ಕಿಂತ ಒಂದು ದಿನ ಮೊದಲು, ಕಾಯ್ದೆ ಹೇಳಿದ ದಿನಕ್ಕಿಂತ ಎರಡು ದಿನ ತಡ. 2007ರಲ್ಲಿ ಮತ್ತೆ ಐದಕ್ಕೆ ನಾಲ್ಕು. ಈ ಸಲ ಕೈದಿ ಸೋತ. ಈ ಗಡುವು ಕೋರ್ಟಿನ ಅಧಿಕಾರವ್ಯಾಪ್ತಿಯದೇ ಮೇರೆ, ಅದನ್ನು ಹಿಗ್ಗಿಸಲು ನ್ಯಾಯಾಧೀಶರಿಗೂ ಬಾರದು ಎಂದರು. ನ್ಯಾಯಾಧೀಶರ ಮಾತು ನಂಬಿದ್ದೇ ಅವನ ತಪ್ಪಾಯಿತು.

ನಮ್ಮಲ್ಲಿ ಹೀಗಾಗುವುದಿಲ್ಲ, ಮತ್ತು ಇದನ್ನು ಹೆಮ್ಮೆಯಿಂದಲೇ ಹೇಳಬಹುದು. ಕಾಲಮಿತಿ ಕಾಯ್ದೆಯ 5ನೇ ಕಲಮು ಸಾಕಷ್ಟು ಕಾರಣವಿದ್ದರೆ ತಡವನ್ನು ಮನ್ನಿಸಲು ಬಿಡುತ್ತದೆ. 1987ರ ಕಾತಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರತಿ ದಿನದ ತಡಕ್ಕೂ ವಿವರಣೆ ಕೊಡಿ ಎಂದು ಹಟ ಹಿಡಿಯಬೇಡಿ, ಹಾಗಾದರೆ ಪ್ರತಿ ಗಂಟೆಗೆ, ಪ್ರತಿ ಕ್ಷಣಕ್ಕೆ ಯಾಕಲ್ಲ ಎಂದು ಕೆಳಗಿನವರನ್ನು ಚುಚ್ಚಿತ್ತು. ಅದು ಭೂಸ್ವಾಧೀನದ ಕೇಸು. ಆದರೂ ತಡದ ಮಾತು ಬಂದಲ್ಲೆಲ್ಲ ವಕೀಲರು ಅದನ್ನೇ ಓದುತ್ತಾರೆ. ಜೈಲಿನಿಂದ ಬಂದ ಅಪೀಲನ್ನು ತಡವಾಯಿತೆಂಬ ಒಂದೇ ಕಾರಣಕ್ಕೆ ಎಸೆಯಲು ನಮ್ಮ ಹೈಕೋರ್ಟುಗಳ ಮನಸ್ಸು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿಳಂಬ ಸಾವಿರ ದಿನ ದಾಟಿದ ಕಡತಗಳೂ ಒಳಗೆ ಹೋಗುತ್ತವೆ.

ಹೈಕೋರ್ಟಿನ ಹಾಲಿನಲ್ಲಿ ಆ ದೃಶ್ಯ ಎಷ್ಟು ಸಣ್ಣದೆಂದರೆ ನೋಡಲು ಹೋದವರು ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಕೋರ್ಟ್ ಆಫೀಸರು ಪಟ್ಟಿಯ ನಂಬರು ಕರೆಯುತ್ತಾರೆ. ಕಾನೂನು ಸೇವಾ ಸಮಿತಿಯಿಂದ ನೇಮಕವಾದ ಕಿರಿಯ ವಕೀಲರು ಎದ್ದು ನಿಲ್ಲುತ್ತಾರೆ. "ಜೈಲ್ ಅಪೀಲು ಸ್ವಾಮಿ. ಐ.ಎ. ಒಂದು, ವಿಳಂಬ ಮನ್ನಾಕ್ಕೆ." ನ್ಯಾಯಮೂರ್ತಿಗಳು ದಿನಗಳ ಸಂಖ್ಯೆ ನೋಡುತ್ತಾರೆ, ಸರ್ಕಾರಿ ವಕೀಲರ ಕಡೆ ನೋಡುತ್ತಾರೆ. ಅವರು ಅರ್ಧ ಎದ್ದು ಏನೋ ಹೇಳಿದಂತೆ ಮಾಡಿ ಕೂರುತ್ತಾರೆ. ಅರ್ಜಿ ಮಂಜೂರು, ಅಪೀಲು ದಾಖಲು, ಕೆಳಗಿನ ಕೋರ್ಟಿನ ದಾಖಲೆ ತರಿಸಿ. ಮುಂದಿನ ನಂಬರು. ಹೊರಗೆ ಕಾರಿಡಾರಿನಲ್ಲಿ ಅದೇ ವಕೀಲರು ಇನ್ನೊಂದು ಹಾಲಿನ ಕಡೆ ಓಡುತ್ತಿರುತ್ತಾರೆ. ಇಲ್ಲಿ ಮನ್ನಾ ಆದ ಕಾಲವನ್ನು ಕೈದಿ ಅದಾಗಲೇ ಬ್ಯಾರಕ್ಕಿನಲ್ಲಿ ಕಳೆದಾಗಿದೆ.

ಆ ಮನ್ನಾ ಅರ್ಜಿಯ ಜೊತೆಗಿರುವ ಪ್ರಮಾಣಪತ್ರವನ್ನು ಯಾರಾದರೂ ಬಿಡುವಾಗಿ ಓದಬೇಕು. ಅದು ಕೈದಿಯ ಹೆಸರಿನಲ್ಲಿರುತ್ತದೆ. ನಾನು ಅನಕ್ಷರಸ್ಥ, ಕಾನೂನಿನ ತಿಳಿವಳಿಕೆ ಇಲ್ಲ, ಮನೆಯವರು ಬರುವುದು ನಿಂತಿತು, ದುಡ್ಡಿರಲಿಲ್ಲ. ವಿಳಂಬ ಉದ್ದೇಶಪೂರ್ವಕವಲ್ಲ, ದಯಮಾಡಿ ಮನ್ನಿಸಬೇಕು. ಕಟ್ಟು ಕಪಾಟಿನ ಕೆಳಗಿನ ಅರೆಯಲ್ಲಿ ಎರಡು ವರ್ಷ ಇದ್ದದ್ದು ಅದರಲ್ಲಿ ಇರುವುದಿಲ್ಲ. ಜೈಲಿನ ಪತ್ರಕ್ಕೆ ಉತ್ತರ ಬರಲು ಹಿಡಿದ ಕಾಲ, ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗುವುದಾದರೆ ಕನ್ನಡ ಸಾಕ್ಷ್ಯಗಳನ್ನು ಇಂಗ್ಲಿಷಿಗೆ ಮಾಡುವವರು ಸಿಗದೆ ಕಳೆದ ತಿಂಗಳುಗಳು, ನೇಮಕವಾದ ವಕೀಲರು ಬದಲಾಗಿ ಮತ್ತೊಬ್ಬರು ಬಂದದ್ದು, ಯಾವುದೂ ಇರುವುದಿಲ್ಲ. ಎಲ್ಲರ ತಡಕ್ಕೂ ಒಬ್ಬನೇ ಕೈಮುಗಿಯುತ್ತಾನೆ. ಕೋರ್ಟೂ ದೊಡ್ಡ ಮನಸ್ಸು ಮಾಡಿ ಅವನನ್ನೇ ಕ್ಷಮಿಸುತ್ತದೆ. ನನ್ನ ಮಟ್ಟಿಗೆ ಅಮೆರಿಕದ ಬಿರುಸಿಗಿಂತ ನಮ್ಮ ಈ ಮೆದುತನವೇ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅಲ್ಲಿ ಗಡುವು ತಪ್ಪಿದರೆ ಗದ್ದಲವಾಗುತ್ತದೆ, ಸುಪ್ರೀಂ ಕೋರ್ಟಿನವರೆಗೆ ಜಗಳ ಹೋಗುತ್ತದೆ, ನಿಯಮ ಬದಲಾಗುತ್ತದೆ. ಇಲ್ಲಿ ಹೇಗೂ ಮನ್ನಾ ಆಗುತ್ತದಲ್ಲ ಎಂದು ಯಾವ ಮೇಜಿನವರಿಗೂ ಅವಸರವಿಲ್ಲ.

1977ರಲ್ಲೇ ನ್ಯಾಯಮೂರ್ತಿ ಭಗವತಿ ಅವರು ಕಾಶ್ಮೀರಾ ಸಿಂಗ್ ಪ್ರಕರಣದಲ್ಲಿ ಈ ತಡದ ಇನ್ನೊಂದು ಮುಖ ತೋರಿಸಿದ್ದರು. ಐದಾರು ವರ್ಷ ಅಪೀಲು ಕೇಳದೆ ಒಳಗಿಟ್ಟು, ಆಮೇಲೆ ನೀನು ನಿರಪರಾಧಿ ಎಂದರೆ ಆ ವರ್ಷಗಳನ್ನು ಕೊಡುವವರು ಯಾರು ಎಂಬುದು ಅವರು ಎತ್ತಿದ ಪ್ರಶ್ನೆಯ ತಾತ್ಪರ್ಯ. ಅವರು ಹೇಳಿದ್ದು ದಾಖಲಾದ ಅಪೀಲುಗಳ ಬಗ್ಗೆ. ದಾಖಲೇ ಆಗದವನು ಜಾಮೀನು ಕೇಳುವಂತೆಯೂ ಇಲ್ಲ. ಶಿಕ್ಷೆ ಅಮಾನತಿನಲ್ಲಿಡಿ ಎನ್ನಲು ಮೊದಲು ಅಪೀಲಿಗೊಂದು ನಂಬರು ಬೀಳಬೇಕು.

ಹೆಂಗಸರ ಬ್ಯಾರಕ್ಕಿನಲ್ಲಿ ಕಥೆ ಇನ್ನೂ ಚಿಕ್ಕದು. ಗಂಡನನ್ನು ಕೊಂದ ಆರೋಪದಲ್ಲಿ ಬಂದವಳಿಗೆ ಗಂಡನ ಮನೆಯಿಂದ ಯಾರೂ ಬರುವುದಿಲ್ಲ, ತವರಿನವರು ಮೊದಲ ವರ್ಷ ಬರುತ್ತಾರೆ. ವಕೀಲರ ಆಫೀಸಿಗೆ ಹೋಗುವವರೇ ಇಲ್ಲ. ಬೆಂಗಳೂರಿನಂಥ ಕಡೆ ಒಡಿಶಾದ, ಬಂಗಾಳದ, ಬಿಹಾರದ ಕೂಲಿಗಳಿದ್ದಾರೆ. ಊರಿಗೆ ಶಿಕ್ಷೆಯ ಸುದ್ದಿಯೂ ಮುಟ್ಟಿರುವುದಿಲ್ಲ. ಕೈಗೆ ಕೊಟ್ಟ ತೀರ್ಪಿನ ಒಂದಕ್ಷರವೂ ಅವರಿಗೆ ಓದಲು ಬಾರದು.

ಈಚೆಗೆ ಕೆಲಸ ನಡೆದಿಲ್ಲವೆಂದಲ್ಲ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಕೇಳದೆ ಉಚಿತ ವಕೀಲರು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಜೈಲಿನೊಳಗಿನ ಕಾನೂನು ನೆರವು ಕೇಂದ್ರಗಳು ಹೇಗೆ ನಡೆಯಬೇಕೆಂದು ರಾಷ್ಟ್ರೀಯ ಪ್ರಾಧಿಕಾರ 2022ರಲ್ಲಿ ಕಾರ್ಯವಿಧಾನ ರೂಪಿಸಿತು. 2024ರ ಅಕ್ಟೋಬರ್ 23ರಂದು ಸುಹಾಸ್ ಚಕ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎಲ್ಲ ಕಡೆ ಸರಿಯಾಗಿ ನಡೆಸಿ ಎಂದು ನಿರ್ದೇಶಿಸಿತು. ಅಲ್ಲಿಂದೀಚೆಗೆ ಕೈದಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ ನಿನ್ನ ಅಪೀಲು ಏನಾಯಿತು ಎಂದು ಕೇಳುವ ಕೆಲಸ ಚುರುಕಾಗಿದೆ.

ಉತ್ತರ ಕರ್ನಾಟಕದ ಒಂದು ಜೈಲಿನಲ್ಲಿ ಆ ಕೇಂದ್ರವೆಂದರೆ ಒಂದು ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ 15100 ಎಂಬ ಸಹಾಯವಾಣಿಯ ಫಲಕ. ಕೂತವನು ಕಾನೂನು ಸ್ವಯಂಸೇವಕ, ತಾನೂ ಜೀವಾವಧಿಯ ಕೈದಿ. ಹೊರಗಿದ್ದಾಗ ಶಾಲೆಯಲ್ಲಿದ್ದವನಾದ್ದರಿಂದ ಎಲ್ಲರಿಗೂ ಮಾಸ್ತರ. ಮುಂದೆ ಉದ್ದನೆಯ ರಿಜಿಸ್ಟರು.

"ಕಾಕಾ, ನಿಮ್ಮ ಅಪೀಲು ಹೈಕೋರ್ಟಿನ್ಯಾಗ ಎಲ್ಲಿಗೆ ಬಂತು?"

"ಹಾಕ್ಯಾರ."

"ಯಾರು ಹಾಕ್ಯಾರ?"

"ವಕೀಲ್ರು."

"ಕೇಸ್ ನಂಬರ್ ಏನೈತ್ರಿ?"

"ನಂಬರ್ ಗಿಂಬರ್ ನನಗೇನ್ ಗೊತ್ತಪಾ. ಹಾಕ್ಯಾರಂತ ನಮ್ಮಾಕಿ ಹೇಳಿದ್ಲು. ಆಕಿನೂ ಈಗಿಲ್ಲ."

ಪ್ರಾಧಿಕಾರದಿಂದ ಬಂದ ವಕೀಲೆ ಹೈಕೋರ್ಟಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕುತ್ತಾರೆ, ತಂದೆಯ ಹೆಸರು ಹಾಕಿ, ಊರಿನ ಹೆಸರು ಹಾಕಿ, ಇಂಗ್ಲಿಷಿನ ಕಾಗುಣಿತ ಬದಲಿಸಿ ಮತ್ತೆ ಹುಡುಕುತ್ತಾರೆ. ಯಾವ ಕೇಸೂ ಇಲ್ಲ. ಮಾಸ್ತರ ಅದನ್ನು ಹೇಳಿದಾಗ ಮುದುಕ ಸಿಟ್ಟಾಗುವುದಿಲ್ಲ. ಏಳು ವರ್ಷದ ಶಿಕ್ಷೆ, ವಿಚಾರಣೆಯ ಕಾಲ ವಜಾ ಹಾಕಿದರೆ ಇನ್ನು ಉಳಿದಿರುವುದು ಹೆಚ್ಚೆಂದರೆ ಒಂದು ವರ್ಷ; ಈ ಲೆಕ್ಕ ಅವನಿಗೆ ದಿನಕ್ಕೆ ಸರಿಯಾಗಿ ಗೊತ್ತಿದೆ.

"ಈಗ ಹಾಕಿದ್ರ ಏನಾಗತೈತಿ?"

"ತಡಾ ಆಗಿದ್ದಕ್ಕ ಒಂದು ಅರ್ಜಿ ಕೊಟ್ರ ಮನ್ನಾ ಮಾಡ್ತಾರ. ಆಮ್ಯಾಲೆ ದಾಖಲಿ ತರಸ್ತಾರ, ಕೇಳ್ತಾರ."

"ಎಷ್ಟ್ ದಿವಸಕ್ಕ?"

ಮಾಸ್ತರ ವಕೀಲೆಯ ಮುಖ ನೋಡುತ್ತಾನೆ. ಅವರು ಒಂದು ವರ್ಷವಂತೂ ಬೇಕಾಗಬಹುದು ಎನ್ನುತ್ತಾರೆ, ಮಧ್ಯೆ ಜಾಮೀನಿಗೂ ಕೇಳೋಣ ಎನ್ನುತ್ತಾರೆ.

"ಜಾಮೀನು ಯಾರು ನಿಲ್ತಾರವ್ವಾ ನನಗ? ಮತ್ತ ಶಿಕ್ಷಾ ಹೆಚ್ಚಿಗಿ ಮಾಡಿದ್ರ?"

"ಹಂಗ ಸುಮ್ಮನ ಹೆಚ್ಚಿಗಿ ಮಾಡಂಗಿಲ್ರಿ ಅಜ್ಜಾರ. ಸರ್ಕಾರ ಕೇಳಬೇಕು, ಇಲ್ಲಾ ಕೋರ್ಟು ನಿಮಗ ನೋಟಿಸ್ ಕೊಡಬೇಕು."

ಮುದುಕ ತುಸು ಹೊತ್ತು ಯೋಚಿಸಿ ಬೇಡವೆಂದು ತಲೆಯಾಡಿಸುತ್ತಾನೆ. ರಿಜಿಸ್ಟರಿನಲ್ಲಿ ಮೇಲ್ಮನವಿ ಸಲ್ಲಿಸಲು ಇಚ್ಛೆ ಇದೆ, ಇಲ್ಲ ಎಂದು ಎರಡು ಕಾಲಮು. ಮಾಸ್ತರ ಎರಡನೆಯದರಲ್ಲಿ ಗುರುತು ಹಾಕಿ, ಹೆಬ್ಬೆಟ್ಟಿಗೆ ಮಸಿಯ ಪ್ಯಾಡು ಮುಂದೆ ಸರಿಸಿ, ಬರೆದದ್ದನ್ನು ನಿಯಮದಂತೆ ಓದಿ ಹೇಳುತ್ತಾನೆ. ಮುದುಕನ ಕೈ ಅಲ್ಲೇ ನಿಲ್ಲುತ್ತದೆ.

"ನನಗ ಇಚ್ಛಾ ಇಲ್ಲಂತ ಬರೀಬ್ಯಾಡ್ರಿ ಮಾಸ್ತರ. ಹೊತ್ತಾತು ಅಂತ ಬರೀರಿ."

"ಅಂಥಾ ಕಾಲಮ್ ಇಲ್ರಿ ಕಾಕಾ."